ಮರದ ಪಕ್ಕ ಅಳತೆಗೋಲಾಗಿ ನಿಂತವನು

(ಊರಿನ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಂದು ಪರದೆ ಮೇಲೆ ತೋರಿಸಿದ ಫೋಟೋಗಳು ಇಲ್ಲಿಲ್ಲ. ಹಾಗಾಗಿ ಅವುಗಳಲ್ಲಿ ಏನಿದೆ ಅನ್ನುವುದನ್ನು ಅಲ್ಲಲ್ಲಿ ಸ್ವಲ್ಪ ಜಾಸ್ತಿ ಬರೆದಿದ್ದೇನೆ.)

ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಮುಂದೆ ಚಾಪೆ ಮೇಲೆ ಕೂತಿರುವ ಮಕ್ಕಳೇ,

ಲೈಟ್ ಆರಿಸುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ನೌಕರಿ ಕಾಲದ ಫೋಟೋಗಳನ್ನು ತೋರಿಸಿ, ಒಂದಷ್ಟು ಮಾತಾಡಿ ಅಂತ ವಾಚನಾಲಯದವರು ಕೇಳಿದರು. ಅಟ್ಟದಲ್ಲಿದ್ದ ಆಲ್ಬಮ್‌ಗಳನ್ನೆಲ್ಲ ಕೆಳಗಿಳಿಸಿದೆ. ಮೊಮ್ಮಗಳ ಜೊತೆ ಕೂತು ಆರಿಸಿದೆ. ಹಾರ ಹಾಕಿಸಿಕೊಂಡದ್ದು ಸಿಕ್ಕಿತು. ಶಾಲು ಹೊದೆಸಿಕೊಂಡದ್ದು ಸಿಕ್ಕಿತು. ಮಂತ್ರಿಗಳು ಬಂದಾಗ ಸಾಲಾಗಿ ನಿಂತದ್ದು, ಸ್ಟಾಫಿನವರೆಲ್ಲ ಪ್ರವಾಸ ಹೋದದ್ದು, ಯಾರ್ಯಾರದೋ ಬೀಳ್ಕೊಡುಗೆ, ಎಲ್ಲ ರಾಶಿ ರಾಶಿ ಸಿಕ್ಕಿತು. ನಾನು ಕೆಲಸ ಮಾಡುತ್ತಿರುವ ಫೋಟೋ ಮಾತ್ರ ಎಷ್ಟು ಹುಡುಕಿದರೂ ಇಲ್ಲ. ಕೊನೆಗೆ ಮೊಮ್ಮಗಳು ಕೇಳಿಯೇಬಿಟ್ಟಳು: "ಅಜ್ಜ, ನಿಮಗೆ ಹಾರ ಹಾಕಿಸಿಕೊಳ್ಳೋದೇ ಕೆಲಸ ಇದ್ದದ್ದಾ?"

ಅವಳಿಗೆ ಕೊಟ್ಟ ಉತ್ತರವನ್ನೇ ಇವತ್ತು ಸ್ವಲ್ಪ ಉದ್ದ ಮಾಡಿ ನಿಮಗೂ ಹೇಳುತ್ತೇನೆ.

ನಾನು ಕೆಲಸ ಮಾಡಿದ್ದು ಕಾಸರಗೋಡಿನ ನಮ್ಮ ಕೂಡ್ಲಿನ ಸಿಪಿಸಿಆರ್‌ಐಯಲ್ಲಿ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ. ಬಸ್ಸಿನಲ್ಲಿ ಮಂಗಳೂರಿಗೆ ಹೋಗುವಾಗ ಕಿಟಕಿಯಿಂದ ಆ ತೋಟ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಅದು ಶುರುವಾದದ್ದು 1916ರಲ್ಲಿ, ಮದ್ರಾಸ್ ಸರಕಾರದ ತೆಂಗು ಸಂಶೋಧನಾ ಕೇಂದ್ರವಾಗಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. 1970ರಲ್ಲಿ ವಿಟ್ಲದ ಅಡಿಕೆ ಕೇಂದ್ರವನ್ನೂ ಸೇರಿಸಿಕೊಂಡು ಅದು ಈಗಿನ ಹೆಸರಿನ ಸಂಸ್ಥೆಯಾಯಿತು. ನಾನು ಸೇರಿದ್ದು ಅದಾಗಿ ಕೆಲವು ವರ್ಷಗಳ ಮೇಲೆ. ವಿಜ್ಞಾನಿ ಅಲ್ಲ ಮಾರಾಯ್ರೇ. ಫೀಲ್ಡಿನವ. ವಿಜ್ಞಾನಿ ಕಾಗದದಲ್ಲಿ ಬರೆದದ್ದನ್ನು ಮರದಲ್ಲಿ ಮಾಡಿಸುವವ.

ಏನು ಕೆಲಸ? ತೆಂಗಿಗೆ ಮದುವೆ ಮಾಡಿಸುವುದು ಅಂತ ನಾವೇ ತಮಾಷೆಗೆ ಹೇಳುತ್ತಿದ್ದೆವು. ಇದನ್ನು ಸ್ವಲ್ಪ ವಿವರಿಸಬೇಕು. ಇಲ್ಲದಿದ್ದರೆ ಫೋಟೋಗಳಲ್ಲಿ ಏನು ಕಾಣುವುದಿಲ್ಲ ಅನ್ನುವುದೇ ನಿಮಗೆ ಗೊತ್ತಾಗುವುದಿಲ್ಲ.

ತೆಂಗಿನ ಒಂದೇ ಹೊಂಬಾಳೆಯಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ. ಗಂಡು ಹೂವು ಸಾವಿರಗಟ್ಟಲೆ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಎಸಳುಗಳ, ಅಂದರೆ ಹೊಂಬಾಳೆಯ ಕವಲು ಕಡ್ಡಿಗಳ, ಉದ್ದಕ್ಕೂ ಕೂತಿರುತ್ತವೆ. ಹೆಣ್ಣು ಹೂವು ಗುಂಡಗೆ, ಎಸಳಿನ ಬುಡದಲ್ಲಿ, ಬೆರಳೆಣಿಕೆಯಷ್ಟು. ನಮ್ಮೂರಿನ ಎತ್ತರದ ಜಾತಿಯಲ್ಲಿ ಗಂಡು ಹೂವಿನ ಆಟ ಮುಗಿದ ಮೇಲೆ ಹೆಣ್ಣು ಹೂವು ಅರಳುತ್ತದೆ. ಹಾಗಾಗಿ ಅದಕ್ಕೆ ಹೆಚ್ಚಾಗಿ ಬೇರೆ ಮರದ ಪರಾಗವೇ ಬೇಕು. ಗಿಡ್ಡ ಜಾತಿಯಲ್ಲಿ ಎರಡೂ ಒಟ್ಟೊಟ್ಟಿಗೆ ಬರುತ್ತವೆ. ತನ್ನದನ್ನು ತಾನೇ ನೋಡಿಕೊಳ್ಳುತ್ತದೆ. ಈ ಎರಡನ್ನು ಕೂಡಿಸಿದರೆ ಬೇಗ ಫಲ ಕೊಡುವ, ಜಾಸ್ತಿ ಕಾಯಿ ಹಿಡಿಯುವ ಸಸಿ ಬರುತ್ತದೆ ಅಂತ ಕಂಡುಕೊಂಡದ್ದು ನಮ್ಮ ನೀಲೇಶ್ವರದ ಕೇಂದ್ರದಲ್ಲೇ, 1930ರ ದಶಕದಲ್ಲಿ, ಜೆ.ಎಸ್. ಪಟೇಲ್ ಎನ್ನುವವರು. ತೆಂಗಿನಲ್ಲಿ ಇಂಥದ್ದು ಆದದ್ದು ಪ್ರಪಂಚದಲ್ಲೇ ಮೊದಲು. ನೀಲೇಶ್ವರ ಇಲ್ಲಿಂದ ಎಷ್ಟು ದೂರ, ರೈಲಿನಲ್ಲಿ ಕೂತು ಒಂದು ನಿದ್ದೆ ತೆಗೆಯಲಿಕ್ಕೂ ಸಾಲದು. ಆದರೂ ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ಕೆಲಸ ಹೀಗೆ. ಹೊಂಬಾಳೆ ಒಡೆದ ಕೆಲವು ದಿನಗಳ ಒಳಗೆ ಮರ ಹತ್ತಬೇಕು. ಎಸಳುಗಳ ತುದಿ ಕತ್ತರಿಸಿ, ಉಳಿದ ಗಂಡು ಹೂವನ್ನೆಲ್ಲ ಒಂದೂ ಬಿಡದೆ ಕೈಯಲ್ಲಿ ಕೀಳಬೇಕು. ಆಮೇಲೆ ಇಡೀ ಹೊಂಬಾಳೆಗೆ ಬಟ್ಟೆಯ ಚೀಲ ಕಟ್ಟಬೇಕು, ಜೇನ್ನೊಣ, ಇರುವೆ ಬೇರೆ ಪರಾಗ ತಂದು ಹಾಕದ ಹಾಗೆ. ಹೆಣ್ಣು ಹೂವಿನ ತುದಿ ಬಿರಿದು ಮೂರು ಸೀಳಾಗಿ, ಜೇನಿನ ಹನಿಯಂಥದ್ದು ಒಸರುವ ದಿನ ಮತ್ತೆ ಹತ್ತಬೇಕು. ಗಂಡು ಮರದಿಂದ ತಂದು ಒಣಗಿಸಿ ಸೋಸಿಟ್ಟ ಪರಾಗವನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿ ಊದಬೇಕು. ಒಂದು ದಿನ ಅಲ್ಲ, ಹೂವುಗಳು ಅರಳುವಷ್ಟು ದಿನವೂ. ಹೂವಿನ ತುದಿ ಕಪ್ಪಾದ ಮೇಲೆ ಚೀಲ ಬಿಚ್ಚಿ, ಯಾವ ಮರಕ್ಕೆ ಯಾವ ಮರದ ಪರಾಗ, ಯಾವ ತಾರೀಕು ಅಂತ ಚೀಟಿ ಕಟ್ಟಬೇಕು. ಇನ್ನು ಕಾಯಿ ಬಲಿಯುವುದಕ್ಕೆ ಹನ್ನೊಂದು, ಹನ್ನೆರಡು ತಿಂಗಳು.

ಈಗ ಹೇಳಿ, ಇದನ್ನು ಯಾರು, ಎಲ್ಲಿ ನಿಂತು ಫೋಟೋ ತೆಗೆಯುತ್ತಾರೆ?

ಕೆಳಗೆ ನಿಂತು ತೆಗೆದರೆ ಮೇಲೆ ಬಿಳಿ ಆಕಾಶ, ಅದರೆದುರು ಮರದ ತಲೆ ಕಪ್ಪು, ಅದರೊಳಗೆ ಮನುಷ್ಯ ಇನ್ನೂ ಕಪ್ಪು. ಆಗ ನಮ್ಮ ಕೈಗೆ ಎಟಕುವ ಕ್ಯಾಮೆರಾ ಅಂದರೆ ಆಗ್ಫಾ ಕ್ಲಿಕ್ ತ್ರೀ. ಒಂದು ರೋಲಿಗೆ 12 ಫೋಟೋ. ಬಿಸಿಲು, ಮೋಡ ಅಂತ ಗುರುತು ತಿರುಗಿಸುವುದು ಬಿಟ್ಟರೆ ಬೇರೇನೂ ಇಲ್ಲ. ಹತ್ತಿರ ಹೋದರೆ ಮಬ್ಬು. ಕೈಬೆರಳು, ಹೂವು, ಚೀಟಿ, ನಮ್ಮ ಕೆಲಸವೆಲ್ಲ ಹತ್ತಿರದ್ದೇ. ಅಲ್ಲದೆ 12ರಲ್ಲಿ ಒಂದನ್ನು ಮಾಮೂಲಿ ಮಂಗಳವಾರದ ಕೆಲಸಕ್ಕೆ ಯಾರು ಖರ್ಚು ಮಾಡುತ್ತಾರೆ? ತಂಗಿಯ ಮದುವೆಗೆ ಬೇಕು, ಮಗುವಿನ ನಾಮಕರಣಕ್ಕೆ ಬೇಕು. ಹೀಗಾಗಿ ಹಬ್ಬದ ದಿನಗಳೆಲ್ಲ ಆಲ್ಬಮ್‌ಗೆ ಬಂದವು. ಉಳಿದ ದಿನಗಳು ಬರಲಿಲ್ಲ.

ಸರಿ, ಲೈಟ್ ಆರಿಸಿ.

ಇದು ಮೊದಲನೆಯದು. ಅಪ್ಲಿಕೇಶನ್ನಿಗೆ ತೆಗೆಸಿದ ಪಾಸ್‌ಪೋರ್ಟ್ ಸೈಜಿನದು, ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದಲ್ಲಿ. ಸ್ಟುಡಿಯೋದಲ್ಲಿ ಒಂದು ಕನ್ನಡಿ, ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ, ಮೊಳೆಗೆ ನೇತಾಡುವ ಒಂದು ಕಪ್ಪು ಕೋಟು. ಕೋಟು ಎಲ್ಲರಿಗೂ ಅದೇ. ಕಾಸರಗೋಡು ತಾಲೂಕಿನಲ್ಲಿ ಆ ಕಾಲಕ್ಕೆ ಕೆಲಸಕ್ಕೆ ಅರ್ಜಿ ಹಾಕಿದ ಅರ್ಧ ಜನ ಅದೇ ಕೋಟಿನಲ್ಲಿ ಇದ್ದಾರೇನೋ! ಹೆಗಲು ನೋಡಿ, ನನಗೆ ಎಷ್ಟು ದೊಡ್ಡದಾಗಿದೆ. ಹಿಂದಿನಿಂದ ಅವರು ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಎಳೆದಿದ್ದರು, ಆದರೂ ಅಷ್ಟು.

ಮುಂದಿನದಕ್ಕೆ ಹೋಗೋಣ. ಇದು ನನಗೆ ಬಹಳ ಇಷ್ಟದ ಫೋಟೋ. ಒಂದು ತೆಂಗಿನ ಮರ. ಎಳೆಯದು, ಕಾಂಡ ಈಗಷ್ಟೇ ಕಾಣಿಸಿಕೊಂಡಿದೆ. ಅದರ ಪಕ್ಕದಲ್ಲಿ ನೆಟ್ಟಗೆ ನಿಂತ ಒಬ್ಬ ಹುಡುಗ. ಬಿಳಿ ಷರಟು, ಬೆಲ್‌ಬಾಟಮ್ ಪ್ಯಾಂಟು. ನಾನೇ. ಇದನ್ನು ತೆಗೆದದ್ದು ಆಫೀಸಿನ ಫೋಟೋಗ್ರಾಫರ್, ವರದಿಗೆ. ನನ್ನ ಫೋಟೋ ಅಲ್ಲ ಇದು, ಮರದ ಫೋಟೋ. ಮರ ಎಷ್ಟು ಎತ್ತರ ಅಂತ ನೋಡಿದವರಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸುವುದು. ನಾನು 5 ಅಡಿ 6 ಇಂಚು. ಇದರಲ್ಲಿ ನಾನು ಅಳತೆಗೋಲು. "ನಗಬೇಡ, ಕೈ ಅಲ್ಲಾಡಿಸಬೇಡ, ಕ್ಯಾಮೆರಾ ನೋಡುವುದು ಬೇಡ" ಅಂದಿದ್ದರು. ಒಂದು ಪ್ರಿಂಟ್ ಜಾಸ್ತಿ ಹಾಕಿ ನನಗೆ ಕೊಟ್ಟರು, ಪುಣ್ಯಾತ್ಮ.

ನೋಡಿ, ನನ್ನ ಎಡಗೈ ಹತ್ತಿರ ಮರದ ಬುಡಕ್ಕೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದೆ. ಕೈಯ ನೆರಳು ಬಿದ್ದು ಕೊನೆಯ ಅಂಕಿ ಕಾಣುವುದಿಲ್ಲ. ಮೊನ್ನೆ ಮೊಮ್ಮಗಳು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗ ಬೇರೆ ಒಂದು ಕಂಡಿತು. ಷರಟಿನ ಜೇಬಿನಿಂದ ದಾರ ಇಣುಕುತ್ತಿದೆ. ಅದು ಚೀಟಿ ಕಟ್ಟುವ ದಾರ. ಬೆಳಿಗ್ಗೆ ಮರದ ಮೇಲೆ ಎಷ್ಟು ಹೊಂಬಾಳೆ ಅಂತ ನೋಡಿಕೊಂಡು ಅಷ್ಟು ದಾರ ತುಂಡು ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆವು. ಮೇಲೆ ಹೋದ ಮೇಲೆ ದಾರ ಕತ್ತರಿಸಲು ಒಂದು ಕೈ ಬಿಡುವಿರುವುದಿಲ್ಲ. ನಾನು ಹೇಳುವ ಕೆಲಸ ಈ ಫೋಟೋದಲ್ಲಿ ಇರುವುದು ಅಷ್ಟೇ, ಜೇಬಿನಲ್ಲಿ, ಎರಡು ಇಂಚು ದಾರ. ವರದಿಯಲ್ಲಿ ಅಚ್ಚಾದಾಗ ಅದು ಒಂದು ಚುಕ್ಕಿಯೂ ಅಲ್ಲ.

ಹಳೇ ಫೋಟೋ ನೋಡುವಾಗ ನಾವೆಲ್ಲ ಮೊದಲು ಮುಖ ಹುಡುಕುತ್ತೇವೆ. ಇವರು ಯಾರು, ಅವರು ಈಗ ಎಲ್ಲಿದ್ದಾರೆ, ಆಗ ನನಗೆ ಎಷ್ಟು ಕೂದಲಿತ್ತು! ಮುಖ ನೋಡಿ ಆದ ಮೇಲೆ ಅಂಚು ನೋಡಿ ಅಂತ ನಾನು ಹೇಳುತ್ತೇನೆ. ಫೋಟೋಗ್ರಾಫರ್ ಬೇಕು ಅಂತ ತೆಗೆಯದೇ ಬಂದುಬಿಟ್ಟ ವಸ್ತುಗಳು ಅಲ್ಲಿರುತ್ತವೆ. ನಿಜವಾದ ದಿನಚರಿ ಇರುವುದು ಅಲ್ಲಿ.

ಇದು ಗ್ರೂಪ್ ಫೋಟೋ. ಯಾರೋ ದೊಡ್ಡ ಅಧಿಕಾರಿ ಬಂದ ದಿನದ್ದು. ಮುಂದೆ ಕುರ್ಚಿ, ಕುರ್ಚಿಯಲ್ಲಿ ವಿಜ್ಞಾನಿಗಳು. ಹಿಂದೆ ಒಂದು ಸಾಲು ನಿಂತವರು, ನಾವು. ಅದರ ಹಿಂದೆ ಬೆಂಚಿನ ಮೇಲೆ ಇನ್ನೊಂದು ಸಾಲು. ಎಲ್ಲ ಇಸ್ತ್ರಿ ಮಾಡಿದ ಬಟ್ಟೆ. ಈಗ ಬಲಗಡೆ ತುದಿ ನೋಡಿ, ಫ್ರೇಮ್ ಮುಗಿಯುವಲ್ಲಿ. ಅರ್ಧ ಮನುಷ್ಯ ಇದ್ದಾರೆ. ತಲೆಗೆ ಹಾಳೆಯ ಮುಟ್ಟಾಳೆ, ಹೆಗಲಿಗೆ ಬೈರಾಸು, ಸೊಂಟದಲ್ಲಿ ಕತ್ತಿ. ಫೋಟೋಗೆ ಬಂದವರಲ್ಲ, ಆ ಕಡೆಯಿಂದ ನಡೆದು ಹೋಗುತ್ತಿದ್ದವರು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅವರು ಮಾತ್ರ ಮೇಲೆ ನೋಡುತ್ತಿದ್ದಾರೆ. ಮರ ಹತ್ತುವವರ ಅಭ್ಯಾಸ ಅದು. ತೋಟದಲ್ಲಿ ನಡೆಯುವಾಗ ಕಣ್ಣು ಮೇಲೆಯೇ, ಒಣಗಿದ ಮಡಲು, ಬೀಳುವ ಕಾಯಿ, ಒಡೆದ ಹೊಂಬಾಳೆ.

ಅವರನ್ನು ನಾವು ಅಣ್ಣ ಅಂತಲೇ ಕರೆಯುತ್ತಿದ್ದೆವು. ನನಗೆ ಮರ ಹತ್ತಲು ಕಲಿಸಿದವರು ಅವರು. ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ ಹಾಕಿ, ಎದೆ ಮರಕ್ಕೆ ತಾಗಿಸದೆ, ಮೊಣಕಾಲಿನಿಂದ ತಳ್ಳಬೇಕು. "ಮರವನ್ನು ಅಪ್ಪಿಕೊಂಡರೆ ಚರ್ಮ ಹೋಗುತ್ತದೆ" ಅಂತ ತುಳುವಿನಲ್ಲಿ ಹೇಳುತ್ತಿದ್ದರು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರ ಹತ್ತುವಾಗ ಅವರು ಮೊದಲು ಕಾಂಡವನ್ನು ಅಂಗೈಯಿಂದ ಒಮ್ಮೆ ಉಜ್ಜಿ, ಅಂಗೈ ಮೂಸಿ ನೋಡುತ್ತಿದ್ದರು. ಯಾಕೆ ಅಂತ ಕೇಳಿದರೆ ಹೇಳುತ್ತಿರಲಿಲ್ಲ. ಮೂಸಿದ ಮೇಲೆ ಕೆಲವು ಮರಗಳನ್ನು "ಇವತ್ತು ಬೇಡ" ಅಂತ ಬಿಟ್ಟುಬಿಡುತ್ತಿದ್ದರು. ನಮ್ಮ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಮಳೆ ಅಂತ ಬರೆಯುತ್ತಿದ್ದೆ.

ಈಗ ಮರ ಹತ್ತಲು ಯಂತ್ರ ಬಂದಿದೆ. ಕಣ್ಣೂರಿನ ಚೆಂಬೇರಿಯ ಜೋಸೆಫ್ ಅವರ ಮಾದರಿ ನಿಮ್ಮಲ್ಲಿ ಎಷ್ಟೋ ಜನರ ಮನೆಯ ಹಿಂದೆ ಒರಗಿಸಿಟ್ಟಿರಬಹುದು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಯುವಕರಿಗೆ ಮರ ಹತ್ತುವ ತರಬೇತಿ ಶುರು ಮಾಡಿತು. ಆ ತರಬೇತಿಗಳ ಫೋಟೋ ಬೇಕಷ್ಟಿವೆ. ಅಣ್ಣನವರದ್ದು ನನ್ನ ಹತ್ತಿರ ಇರುವುದು ಈ ಅರ್ಧವೇ.

ಈ ಕಪ್ಪು ಬಿಳುಪು ಫೋಟೋ ಇಷ್ಟು ಚೆನ್ನಾಗಿ ಉಳಿದದ್ದು ಹೇಗೆ ಅಂತ ಯಾರೋ ಹಿಂದಿನಿಂದ ಕೇಳಿದಿರಿ. ಹೇಳುತ್ತೇನೆ, ಸುಮ್ನೆ ಅದೃಷ್ಟ ಅಲ್ಲ. ಕಪ್ಪು ಬಿಳುಪಿನಲ್ಲಿ ಚಿತ್ರ ಇರುವುದು ಬೆಳ್ಳಿಯ ಸಣ್ಣ ಕಣಗಳಲ್ಲಿ. ಸ್ಟುಡಿಯೋದವರು ಹೈಪೋದಿಂದ, ಅಂದರೆ ಚಿತ್ರ ಗಟ್ಟಿ ಮಾಡುವ ದ್ರಾವಣದಿಂದ, ತೆಗೆದ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದಿದ್ದರೆ ಎಷ್ಟೋ ಕಾಲ ಇರುತ್ತದೆ. ಗಡಿಬಿಡಿಯಲ್ಲಿ ತೊಳೆದದ್ದು ಹಳದಿ, ಕಂದು ಆಗುತ್ತದೆ. ಕಲರ್ ಫೋಟೋ ಹಾಗಲ್ಲ. ಅದರಲ್ಲಿ ಕೊನೆಗೆ ಉಳಿಯುವುದು ಬರೀ ಬಣ್ಣ. ಇದನ್ನು ನೋಡಿ. ಭಾವ ದುಬೈಯಿಂದ ತಂದ ಯಾಶಿಕಾದಲ್ಲಿ ತೆಗೆದದ್ದು, ಎಂಬತ್ತರ ದಶಕದ್ದು. ಆಲ್ಬಮ್ ಒಳಗೆ ಕತ್ತಲಲ್ಲೇ ಇದ್ದರೂ ನೀಲಿಯ ಅಂಶ ಮೊದಲು ಮಾಸಿ ಎಲ್ಲ ಕೆಂಪಾಗಿದೆ. ಆಕಾಶ ಕೆಂಪು, ಮಡಲು ಕೆಂಪು, ನನ್ನ ಹೆಂಡತಿಯ ಹಸಿರು ಸೀರೆಯೂ ಕೆಂಪು. ಅವಳಿಗೆ ಇದರ ಮೇಲೆ ಇವತ್ತಿಗೂ ಕೋಪ.

ಆದರೆ ಈ ಫೋಟೋದಲ್ಲಿ ಬಣ್ಣ ಹೋದದ್ದು ನನಗೂ ಬೇಸರ. ಯಾಕೆ ಅಂದರೆ ಇಲ್ಲಿ ಬಣ್ಣವೇ ವಿಷಯ. ಇದು ನಮ್ಮ ನರ್ಸರಿ. ಹೆಂಡತಿ ನೋಡಲು ಬಂದಿದ್ದಳು. ಅವಳ ಹಿಂದೆ ಮಡಿಯಲ್ಲಿ ಸಸಿಗಳಿವೆ, ಅದರ ಹಿಂದೆ ಬಗ್ಗಿ ನಿಂತ ನಾಲ್ಕು ಜನ ಹೆಂಗಸರು. ಅವರು ಏನು ಮಾಡುತ್ತಿದ್ದಾರೆ ಗೊತ್ತುಂಟಾ? ಬಣ್ಣ ನೋಡುತ್ತಿದ್ದಾರೆ.

ನಾವು ಗೆಂದಾಳಿ ಅನ್ನುವ ಕಿತ್ತಳೆ ಬಣ್ಣದ ಗಿಡ್ಡ ತೆಂಗು ಉಂಟಲ್ಲ, ಕಡತದಲ್ಲಿ ಅದು ಚಾವಕ್ಕಾಡ್ ಆರೆಂಜ್ ಡ್ವಾರ್ಫ್. ಅದನ್ನು ತಾಯಿ ಮಾಡಿ, ನಮ್ಮೂರ ಎತ್ತರದ ಜಾತಿಯ ಪರಾಗ ಹಾಕಿದರೆ ಸಿಗುವುದು ಚಂದ್ರಸಂಕರ. ಊರ ತೆಂಗು ವರ್ಷಕ್ಕೆ ಸುಮಾರು 80 ಕಾಯಿ ಕೊಟ್ಟರೆ ಇದು ಒಳ್ಳೆ ಆರೈಕೆಯಲ್ಲಿ ನೂರು ದಾಟುತ್ತದೆ. ತಾಯಿ ಮರ ಗಿಡ್ಡ ಆದ್ದರಿಂದ ನಮಗೂ ಆರಾಮ, ಏಣಿಯಲ್ಲೇ ಕೆಲಸ ಆಗುತ್ತದೆ. ಆದರೆ ಗೆಂದಾಳಿ ಹೂವು ತನ್ನದೇ ಪರಾಗ ತೆಗೆದುಕೊಂಡುಬಿಡುವ ಜಾತಿ. ಎಷ್ಟು ಜಾಗ್ರತೆ ಮಾಡಿದರೂ ಒಂದೆರಡು ಗಂಡು ಹೂವು ಕಣ್ಣು ತಪ್ಪಿಸಿ ಉಳಿಯುತ್ತದೆ. ಕಾಯಿ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊಳಕೆ ಬಂದು ಎಲೆ ಬಿಟ್ಟ ಮೇಲೆ ದಂಟು ನೋಡಬೇಕು. ದಂಟು ಕಿತ್ತಳೆ ಬಣ್ಣ ಇದ್ದರೆ ಅದು ಬರೀ ಗೆಂದಾಳಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಸಂಕರ.

ಹೇಳುವುದು ಸುಲಭ. ಬೆಳಗಿನ ಬಿಸಿಲಿನಲ್ಲಿ ಒಂದು ಥರ, ಮೋಡ ಕವಿದಾಗ ಒಂದು ಥರ, ಮಳೆ ಬಂದು ಒದ್ದೆಯಾದಾಗ ಎಲ್ಲ ಕಂದೇ. ಆ ಹೆಂಗಸರು ಮಡಲನ್ನು ಎರಡು ಬೆರಳಲ್ಲಿ ಸ್ವಲ್ಪ ಹಿಂದಕ್ಕೆ ಬಗ್ಗಿಸಿ, ಬುಡದ ಒಳಗಡೆ ನೋಡುತ್ತಿದ್ದರು. ಅಲ್ಲಿ ಬಿಸಿಲು ಬಿದ್ದಿರುವುದಿಲ್ಲ, ಬಣ್ಣ ಸುಳ್ಳು ಹೇಳುವುದಿಲ್ಲ. ನಾನು ಒಂದು ಸಸಿ ನೋಡಿ ಯೋಚಿಸುವಷ್ಟರಲ್ಲಿ ಅವರು ಅರ್ಧ ಸಾಲು ಮುಗಿಸಿ, ಒಬ್ಬರಿಗೊಬ್ಬರು ಮನೆಯ ಸುದ್ದಿ ಹೇಳುತ್ತಾ ಮುಂದೆ ಹೋಗಿರುತ್ತಿದ್ದರು. ಮಾತು ಒಂದು ಸಾಲಿನಲ್ಲಿ ತುಳು, ಇನ್ನೊಂದರಲ್ಲಿ ಮಲೆಯಾಳ, ನನ್ನ ಹತ್ತಿರ ಬಂದಾಗ ಕನ್ನಡ. ಕೈ ಮಾತ್ರ ನಿಲ್ಲುವುದಿಲ್ಲ. ಕಿತ್ತಳೆ ದಂಟಿನದ್ದು ಈಚೆ, ಕಂದು ದಂಟಿನದ್ದು ಆಚೆ.

ರೈತರು ನಮ್ಮ ಹೆಸರು ಹೇಳಿ ಸಸಿ ತೆಗೆದುಕೊಂಡು ಹೋಗುತ್ತಿದ್ದರಲ್ಲ, ಆ ನಂಬಿಕೆ ನಿಂತದ್ದು ಈ ಬೆರಳುಗಳ ಮೇಲೆ. ಇದು ನನ್ನ ಅಭಿಪ್ರಾಯ, ಯಾರೂ ಒಪ್ಪಬೇಕಂತಿಲ್ಲ. ಇಡೀ ಆಲ್ಬಮ್‌ನಲ್ಲಿ ನಿಜವಾದ ಕೆಲಸದ ಫೋಟೋ ಅಂತ ಇರುವುದು ಇದೊಂದೇ, ಅದೂ ಹೆಂಡತಿಯ ಸೀರೆಯ ಹಿಂದೆ, ಮಬ್ಬಾಗಿ, ಬಣ್ಣ ತಿಳಿಯದ ಹಾಗೆ ಕೆಂಪಾಗಿ.

ಇನ್ನು ಕೆಲವನ್ನು ಬೇಗ ಬೇಗ ತೋರಿಸುತ್ತೇನೆ. ಇದು ಪ್ರವಾಸ, ಊಟಿ. ಇದು ಕ್ರಿಕೆಟ್ ಟೀಮು, ಸೋತದ್ದು. ಇದು ಕಾಯಿಯ ಮೇಲೆ ನುಸಿಯ ಕಲೆ ತೋರಿಸುವುದು. 1998ರಲ್ಲಿ ಕೇರಳದಲ್ಲಿ ಮೊದಲು ಕಂಡ ನುಸಿ ಪೀಡೆ ಆಮೇಲೆ ಇತ್ತಲೂ ಬಂತು, ಆಗ ರೈತರು ದಿನಾ ಚೀಲದಲ್ಲಿ ಕಾಯಿ ತಂದು ಮೇಜಿನ ಮೇಲೆ ಸುರಿಯುತ್ತಿದ್ದರು. ಕ್ಯಾಮೆರಾದ್ದೇ ತಾರೀಕು ಕಿತ್ತಳೆ ಅಕ್ಷರದಲ್ಲಿ ಮೂಲೆಗೆ ಬಿದ್ದಿದೆ ನೋಡಿ. ಕ್ಯಾಮೆರಾದವರು ತಾರೀಕು ಸರಿಮಾಡದೆ ಇದ್ದರೆ ಅದು ಕೂಡ ನಂಬುವ ಹಾಗಿಲ್ಲ. ಇದು ನನ್ನ ಬೀಳ್ಕೊಡುಗೆ. ಹಾರ, ಶಾಲು, ಹಣ್ಣಿನ ಬುಟ್ಟಿ. ಇದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಎಲ್ಲರದ್ದೂ ಹೀಗೇ ಇರುತ್ತದೆ. ನನ್ನ ಹಾರ ತೆಗೆದು ಬೇರೆಯವರ ಮುಖ ಅಂಟಿಸಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ.

ಇದು ಮಾತ್ರ ಬೇರೆ. ಅಂಚೆಯಲ್ಲಿ ಬಂದದ್ದು. ಸುಳ್ಯ ಕಡೆಯ ಒಬ್ಬರು ರೈತರು ಕಳಿಸಿದ್ದು. ನಮ್ಮಲ್ಲಿಂದ ಸಸಿ ತೆಗೆದುಕೊಂಡು ಹೋಗಿದ್ದರು. ಮರದ ಮೊದಲ ಗೊನೆ, ಅದರ ಪಕ್ಕ ಅವರ ಮಗ ನಿಂತಿದ್ದಾನೆ. ಲೆಕ್ಕ ಹಾಕಿ ನೋಡಿ. ಪರಾಗ ಊದಿ ಕಾಯಿ ಬಲಿಯಲು ಒಂದು ವರ್ಷ. ನರ್ಸರಿಯಲ್ಲಿ ಸುಮಾರು ಇನ್ನೊಂದು ವರ್ಷ. ಸಂಕರ ಸಸಿ ನೆಟ್ಟ ಮೇಲೆ ನಾಲ್ಕೈದು ವರ್ಷ. ಅಷ್ಟರಲ್ಲಿ ಆ ಚೀಟಿ ಕಟ್ಟಿದವನು ಬೇರೆ ಬ್ಲಾಕಿಗೆ ಹೋಗಿರುತ್ತಾನೆ, ಮೇಲೆ ಹತ್ತಿದವರು ಕೆಲಸ ಬಿಟ್ಟಿರುತ್ತಾರೆ. ನಮ್ಮ ಕೆಲಸದ ಫಲ ನಮ್ಮ ಆಲ್ಬಮ್‌ನಲ್ಲಿ ಇರುವುದಿಲ್ಲ, ಬೇರೆಯವರ ಮನೆಯ ಆಲ್ಬಮ್‌ನಲ್ಲಿ ಇರುತ್ತದೆ. ಈ ರೈತರು ಕಳಿಸಿದ್ದರಿಂದ ನನಗೊಂದು ಸಿಕ್ಕಿತು. ಆ ಹುಡುಗನೂ ಅಳತೆಗೋಲಿನ ಹಾಗೆಯೇ ನೆಟ್ಟಗೆ ನಿಂತಿದ್ದಾನೆ, ಅಲ್ವಾ? ಅವನಿಗೂ ಯಾರೋ ನಗಬೇಡ ಅಂದಿರಬೇಕು.

ಲೈಟ್ ಹಾಕಿ. ಪ್ರಶ್ನೆಗಳು ಕೆಲವು ಬಂದಿವೆ.

ಹಳೇ ಫೋಟೋ ಇಟ್ಟುಕೊಳ್ಳುವುದು ಹೇಗೆ ಅಂತ ಒಬ್ಬರು ಅಕ್ಕ ಕೇಳಿದ್ದಾರೆ. ನಮ್ಮ ಊರಿನ ಮಳೆಗೆ ಫೋಟೋದ ಮೊದಲ ಶತ್ರು ಬೂಷ್ಟು. ಫೋಟೋದ ಮೇಲ್ಪದರ ಜೆಲಾಟಿನ್, ಬೂಷ್ಟಿಗೆ ಅದು ಊಟ. ಆಲ್ಬಮನ್ನು ಗೋಡೆಗೆ ತಾಗಿಸಿ ಇಡಬೇಡಿ, ಅಟ್ಟದಲ್ಲೂ ಬೇಡ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಮಳೆ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಬಿಡಿ, ಬಿಸಿಲಿಗೆ ಬೇಡ. ಹಳೇ ಕಪ್ಪು ಕಾಗದದ ಆಲ್ಬಮ್, ಮಧ್ಯೆ ಜೇಡರ ಬಲೆಯ ಹಾಗೆ ಗೆರೆ ಇರುವ ಬೆಣ್ಣೆ ಕಾಗದ, ನಾಲ್ಕು ಮೂಲೆಗೆ ತ್ರಿಕೋನ, ಅದು ನಿಧಾನದ್ದಾದರೂ ಒಳ್ಳೆಯದು. ಆಮೇಲೆ ಬಂತಲ್ಲ, ಅಂಟು ಹಾಳೆಯ ಮೇಲೆ ಫೋಟೋ ಇಟ್ಟು ಪ್ಲಾಸ್ಟಿಕ್ ಎಳೆಯುವುದು, ಅದು ಫೋಟೋಗೆ ವಿಷ. ಅದರಿಂದ ಬೇಗ ತೆಗೆಯಿರಿ. ಉಗುರು ಹಾಕಿ ಕೀಳಬೇಡಿ. ತೆಳು ನೂಲನ್ನು ಫೋಟೋದ ಅಡಿಗೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ.

ಬಣ್ಣ ಹೋದದ್ದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಬಹುದಾ ಅಂತ ಇನ್ನೊಬ್ಬರು. ಮಾಡಬಹುದು. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ, ಹಾಗೇ ಒಂದು ಕಾಪಿ ಮುಟ್ಟದೆ ಇಡಿ. ಸರಿ ಮಾಡುವುದು ಇನ್ನೊಂದು ಕಾಪಿಯಲ್ಲಿ. ಮೊಮ್ಮಗಳು ನರ್ಸರಿಯ ಫೋಟೋ ಹಸಿರು ಮಾಡಿಕೊಟ್ಟಳು. ಸೀರೆ ಹಸಿರಾಯಿತು, ಹೆಂಡತಿಗೆ ಖುಷಿ. ಸಸಿಯ ದಂಟುಗಳೂ ಎಲ್ಲ ಹಸಿರಾದವು. ಕಿತ್ತಳೆ ಯಾವುದು, ಕಂದು ಯಾವುದು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. ಆ ಹೆಂಗಸರಿಗೆ ಗೊತ್ತಿತ್ತು.

ಫೋಟೋದ ಹಿಂದೆ ಏನು ಬರೆಯಬೇಕು ಅಂತ ಮಾಸ್ಟರು ಕೇಳುತ್ತಿದ್ದಾರೆ. ಹೆಸರು, ಊರು, ವರ್ಷ, ಮತ್ತೆ ಏನು ಮಾಡುತ್ತಿದ್ದರು ಅನ್ನುವುದು. ಮೆತ್ತಗಿನ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ ಬೇಡ, ಗೆರೆ ಮುಂದೆ ಉಬ್ಬುತ್ತದೆ. ಪ್ಲಾಸ್ಟಿಕ್ ಲೇಪದ ಕಲರ್ ಪ್ರಿಂಟಿನ ಮೇಲೆ ಪೆನ್ಸಿಲ್ ಹಿಡಿಯದಿದ್ದರೆ ಕವರಿನ ಮೇಲೆ ಬರೆಯಿರಿ.

ನರ್ಸರಿ ಫೋಟೋದ ಕವರಿನ ಮೇಲೆ ಈಗ ನನ್ನ ಹೆಂಡತಿಯ ಹೆಸರು ಮಾತ್ರ ಇದೆ. ಆ ನಾಲ್ವರಲ್ಲಿ ಇಬ್ಬರು ಮೊಗ್ರಾಲ್ ಕಡೆಯಿಂದ ಬರುತ್ತಿದ್ದವರು, ಒಬ್ಬರು ಚೌಕಿಯವರು ಅಂತ ನೆನಪು. ಅವರ ಮನೆಯವರು, ನೆರೆಕರೆಯವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಚಹಾ ಕುಡಿದು ಆದ ಮೇಲೆ ಇತ್ತ ಬನ್ನಿ. ಫೋಟೋ ಇಲ್ಲೇ ಮೇಜಿನ ಮೇಲೆ ಇಡುತ್ತೇನೆ. ಬೆನ್ನು ನೋಡಿ ಗುರುತು ಹಿಡಿಯಬೇಕು, ಮುಖ ಒಬ್ಬರದ್ದೇ ಕಾಣುವುದು.